ಗೆರೆ ಮುಟ್ಟದೆಯೇ ಆರ್ಡರ್ ಫಿಲ್ ಆಯಿತೇ? ಕರೆನ್ಸಿ ಸಿಮ್ಯುಲೇಟರ್ ಒಳಗೆ ಸ್ಟಾಪ್ ಆರ್ಡರ್ ನಡೆಯುವ ಬಗೆ

ಹುಬ್ಬಳ್ಳಿ ವಿದ್ಯಾನಗರದ ಕಾಲೇಜು ಹುಡುಗರಿಂದ ಹಿಡಿದು ಧಾರವಾಡ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವವರ ತನಕ, ಟ್ರೇಡಿಂಗ್ ಕಲಿಯುವ ಹುಮ್ಮಸ್ಸು ಈಗ ಜೋರಾಗಿದೆ. ಅವರಲ್ಲಿ ಬುದ್ಧಿವಂತರು ಮೊದಲೇ ದುಡ್ಡು ಹಾಕುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಸಿಮ್ಯುಲೇಟರ್ ಹಾಕಿಕೊಂಡು, ಹಳೆಯ ಬೆಲೆಗಳ ಮೇಲೆ ತಮ್ಮ ಲೆಕ್ಕಾಚಾರ ಓಡಿಸಿ ನೋಡುತ್ತಾರೆ. ಇಂಜಿನಿಯರಿಂಗ್ ಓದುವವರಾದರೆ ಪ್ರೋಗ್ರಾಮನ್ನೇ ಬರೆದುಬಿಡುತ್ತಾರೆ.

ಆಗ ಎರಡು ಪ್ರಶ್ನೆಗಳು ಬಂದೇ ಬರುತ್ತವೆ. "ಬೆಲೆ ನಾನು ಎಳೆದ ಗೆರೆ ಮುಟ್ಟಲೇ ಇಲ್ಲ, ಆರ್ಡರ್ ಹೇಗೆ ಓಪನ್ ಆಯಿತು?" ಇದು ಮೊದಲನೆಯದು. "ಸಿಮ್ಯುಲೇಟರ್‌ನಲ್ಲಿ ಭರ್ಜರಿ ಲಾಭ ತೋರಿಸಿದ ತಂತ್ರ ನಿಜವಾದ ಪೇಟೆಯಲ್ಲಿ ಯಾಕೆ ಮಕಾಡೆ ಮಲಗಿತು?" ಇದು ಎರಡನೆಯದು. ಎರಡಕ್ಕೂ ಉತ್ತರ ಬಹಳ ಸಲ ಒಂದೇ ಕಡೆ ಸಿಗುತ್ತದೆ. ಕಾಯುತ್ತಾ ಕೂತ ಸ್ಟಾಪ್ ಆರ್ಡರನ್ನು ಸಿಮ್ಯುಲೇಟರ್ ಯಾವಾಗ ಫಿಲ್ ಮಾಡುತ್ತದೆ (ಅಂದರೆ ವ್ಯವಹಾರ ಆಯಿತು ಅಂತ ಬರೆದುಕೊಳ್ಳುತ್ತದೆ), ಯಾವ ಬೆಲೆಗೆ ಮಾಡುತ್ತದೆ ಅನ್ನುವುದರಲ್ಲಿ.

ಲಾಭದ ಪಟ್ಟಿಯಲ್ಲಿ ಕಾಣುವ ಆ ಬೆಲೆಗೆ ನಿಜವಾಗಿ ಯಾರೂ ಕೊಟ್ಟಿಲ್ಲ, ಯಾರೂ ಕೊಂಡಿಲ್ಲ. ಅದು ಸಾಫ್ಟ್‌ವೇರ್ ಮಾಡಿದ ಊಹೆ. ಊಹೆಯ ನಿಯಮ ಏನು ಅಂತ ಗೊತ್ತಿದ್ದರೆ ಆ ಪಟ್ಟಿಯನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ.

ಸ್ಟಾಪ್ ಆರ್ಡರ್ ಎಂದರೇನು?

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಕಳಿಸಿದ ರೈತರೊಬ್ಬರು ಊರಿನಿಂದಲೇ ದಲಾಲರಿಗೆ ಫೋನ್ ಮಾಡಿ ಹೇಳುತ್ತಾರೆ ಅಂದುಕೊಳ್ಳಿ: "ಅಣ್ಣಾ, ಸದ್ಯಕ್ಕೆ ಮಾರಬ್ಯಾಡ್ರಿ. ಆದ್ರ ಕ್ವಿಂಟಲ್ ದರ 25 ಸಾವಿರಕ್ಕಿಂತ ಕೆಳಗ ಇಳೀತಂದ್ರ ತಡ ಮಾಡಬ್ಯಾಡ್ರಿ, ಮಾರಿಬಿಡ್ರಿ." ಇಲ್ಲಿ 25 ಸಾವಿರ ಅನ್ನುವುದು ಮಾರುವ ಬೆಲೆಯಲ್ಲ. ಮಾರುವ ಕೆಲಸ ಶುರು ಮಾಡಲು ಕೊಟ್ಟ ಸೂಚನೆ. ದರ ಆ ಮಟ್ಟಕ್ಕೆ ಬಂದ ಮೇಲೆ ದಲಾಲರು ಮಾರಲು ಹೊರಡುತ್ತಾರೆ. ಆಗ ಕೈಗೆ 25 ಸಾವಿರವೇ ಬರಬಹುದು, 24,700 ಬರಬಹುದು, ದರ ಜೋರಾಗಿ ಬೀಳುತ್ತಿದ್ದರೆ 24 ಸಾವಿರವೂ ಆಗಬಹುದು. (ಟೆಂಡರ್ ನಡೆಯುವ ಪೇಟೆಯಲ್ಲಿ ವ್ಯವಹಾರ ಹೀಗೇ ನಡೆಯುವುದಿಲ್ಲ ಬಿಡಿ. ವಿಷಯ ತಿಳಿಯಲಿ ಅಂತ ಹೇಳಿದ್ದು.)

ಇದೇ ಸ್ಟಾಪ್ ಆರ್ಡರ್. ಅದರಲ್ಲಿ ಎರಡು ಬಗೆ. ಬೆಲೆ ಈಗಿರುವುದಕ್ಕಿಂತ ಮೇಲೆ ಹೋದರೆ ಕೊಳ್ಳು ಅನ್ನುವುದು ಬೈ ಸ್ಟಾಪ್. ಕೆಳಗೆ ಇಳಿದರೆ ಮಾರು ಅನ್ನುವುದು ಸೆಲ್ ಸ್ಟಾಪ್. ನಷ್ಟ ತಡೆಯಲು ಹಾಕುವ ಸ್ಟಾಪ್ ಲಾಸ್ ಕೂಡ ಒಳಗಿನಿಂದ ಇದೇ ಜಾತಿಯದು. ಕೊಂಡವನ ಸ್ಟಾಪ್ ಲಾಸ್ ಒಂದು ಸೆಲ್ ಸ್ಟಾಪ್, ಮೊದಲೇ ಮಾರಿ ಆಮೇಲೆ ಕೊಂಡು ಲೆಕ್ಕ ಮುಗಿಸುವವನ ಸ್ಟಾಪ್ ಲಾಸ್ ಒಂದು ಬೈ ಸ್ಟಾಪ್.

ಲಿಮಿಟ್ ಆರ್ಡರ್ ಇದಕ್ಕೆ ತದ್ವಿರುದ್ಧ. "ಈ ಬೆಲೆಗೆ ಅಥವಾ ಇದಕ್ಕಿಂತ ಒಳ್ಳೆಯ ಬೆಲೆಗೆ ಮಾತ್ರ" ಅನ್ನುವುದು ಅದರ ಷರತ್ತು. ಸ್ಟಾಪ್ ಆರ್ಡರ್‌ಗೆ ಅಂಥ ಷರತ್ತು ಇಲ್ಲ. ಮಟ್ಟ ಮುಟ್ಟಿದ ಕೂಡಲೇ ಅದು ಸಿಕ್ಕ ಬೆಲೆಗೆ ಕೊಳ್ಳುವ ಅಥವಾ ಮಾರುವ ಮಾಮೂಲಿ ಮಾರ್ಕೆಟ್ ಆರ್ಡರ್ ಆಗಿಬಿಡುತ್ತದೆ.

ಇವೆಲ್ಲ ಪೆಂಡಿಂಗ್ ಆರ್ಡರ್‌ಗಳು, ಅಂದರೆ ತಮ್ಮ ಬೆಲೆ ಬರುವ ತನಕ ಸುಮ್ಮನೆ ಕಾಯುವಂಥವು.

ಚಾರ್ಟ್ ತೋರಿಸುವುದು ಒಂದು ಬೆಲೆ, ಪೇಟೆಯಲ್ಲಿರುವುದು ಎರಡು

ಈಗ ಮೊದಲ ಪ್ರಶ್ನೆಗೆ ಬರೋಣ. ಗೆರೆ ಮುಟ್ಟದೆ ಆರ್ಡರ್ ಹೇಗೆ ಓಪನ್ ಆಯಿತು?

ಕರೆನ್ಸಿ ಪೇಟೆಯಲ್ಲಿ ಯಾವಾಗಲೂ ಎರಡು ಬೆಲೆ ಇರುತ್ತವೆ. ನೀವು ಮಾರಲು ಹೋದರೆ ಸಿಗುವ ಬೆಲೆ ಬಿಡ್. ಕೊಳ್ಳಲು ಹೋದರೆ ನೀವು ಕೊಡಬೇಕಾದ ಬೆಲೆ ಆಸ್ಕ್. ಆಸ್ಕ್ ಯಾವಾಗಲೂ ಸ್ವಲ್ಪ ಜಾಸ್ತಿ. ಇವೆರಡರ ನಡುವಿನ ಅಂತರವೇ ಸ್ಪ್ರೆಡ್. ಅದನ್ನು ಪಿಪ್ ಲೆಕ್ಕದಲ್ಲಿ ಹೇಳುತ್ತಾರೆ. ಯೂರೋ-ಡಾಲರ್ ಜೋಡಿಯಲ್ಲಿ ಒಂದು ಪಿಪ್ ಎಂದರೆ 0.0001. ಡಾಲರ್-ಯೆನ್ ಆದರೆ 0.01.

ಮೆಟಾಟ್ರೇಡರ್‌ನಂಥ ಸಾಫ್ಟ್‌ವೇರ್ ಕರೆನ್ಸಿ ಚಾರ್ಟ್ ಬರೆಯುವುದು ಬಿಡ್ ಬೆಲೆಯಿಂದ. ತೆರೆಯ ಮೇಲೆ ಕಾಣುವ ಕ್ಯಾಂಡಲ್‌ಗಳಿಗೆ, ಅಂದರೆ ಒಂದೊಂದು ಅವಧಿಯ ಬೆಲೆ ತೋರಿಸುವ ಕಡ್ಡಿಗಳಿಗೆ, ಆಸ್ಕ್ ಬೆಲೆ ಗೊತ್ತೇ ಇಲ್ಲ. ಆದರೆ ಬೈ ಸ್ಟಾಪ್ ಕೊಳ್ಳುವ ಆರ್ಡರ್ ಅಲ್ವಾ? ಹಾಗಾಗಿ ಅದು ಕಾಯುವುದು ಆಸ್ಕ್‌ಗೆ.

ಲೆಕ್ಕ ಹಾಕಿ ನೋಡೋಣ. ನೀವು ಯೂರೋ-ಡಾಲರ್‌ನಲ್ಲಿ 1.0870ಕ್ಕೆ ಬೈ ಸ್ಟಾಪ್ ಇಟ್ಟಿದ್ದೀರಿ. ಸ್ಪ್ರೆಡ್ 2 ಪಿಪ್. ಚಾರ್ಟ್‌ನಲ್ಲಿ ಬೆಲೆ 1.0868ರ ತನಕ ಏರಿ ವಾಪಸ್ ಇಳಿಯಿತು. ಕಣ್ಣಿಗೆ ಕಂಡದ್ದು ಅಷ್ಟೇ, ಗೆರೆಗೆ ಇನ್ನೂ 2 ಪಿಪ್ ಬಾಕಿ. ಆದರೆ ಆ ಕ್ಷಣದಲ್ಲಿ ಆಸ್ಕ್ 1.0870 ಇತ್ತು. ಆರ್ಡರ್ ಫಿಲ್ ಆಯಿತು. ಸಾಫ್ಟ್‌ವೇರ್ ಏನೂ ಮೋಸ ಮಾಡಿಲ್ಲ.

ಸೆಲ್ ಸ್ಟಾಪ್‌ನಲ್ಲಿ ಈ ಗೊಂದಲ ಬರುವುದಿಲ್ಲ. ಅದು ಕಾಯುವುದು ಬಿಡ್‌ಗೆ, ಚಾರ್ಟ್ ತೋರಿಸುವುದೂ ಬಿಡ್ಡನ್ನೇ. ಆದರೆ ಮೊದಲೇ ಮಾರಿ ಕೂತವನ ಸ್ಟಾಪ್ ಲಾಸ್ ಮತ್ತೆ ಆಸ್ಕ್‌ಗೆ ಸೇರಿದ್ದು. "ನನ್ನ ಸ್ಟಾಪ್ ಲಾಸ್ ಮುಟ್ಟದೆಯೇ ಹೊರಗೆ ಹಾಕಿಬಿಟ್ಟರು" ಎಂಬ ದೂರುಗಳಲ್ಲಿ ಒಂದಷ್ಟು ಇಲ್ಲಿಂದಲೇ ಹುಟ್ಟುತ್ತವೆ. ಮೆಟಾಟ್ರೇಡರ್‌ನಲ್ಲಿ ಚಾರ್ಟಿನ ಪ್ರಾಪರ್ಟೀಸ್‌ಗೆ ಹೋಗಿ ಆಸ್ಕ್ ಗೆರೆಯನ್ನು ಆನ್ ಮಾಡಿಟ್ಟುಕೊಂಡರೆ ಈಗಿನ ಆಸ್ಕ್ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಹಳೆಯ ಕ್ಯಾಂಡಲ್‌ಗಳ ಆಸ್ಕ್ ಮಾತ್ರ ಆ ಗೆರೆಯಲ್ಲಿ ಕಾಣುವುದಿಲ್ಲ.

ಇದರ ಜೊತೆ ಇನ್ನೊಂದು ತೊಡಕು ಇದೆ. ನಿಜವಾದ ಪೇಟೆಯಲ್ಲಿ ಸ್ಪ್ರೆಡ್ ಒಂದೇ ಸಮ ಇರುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಸಂಜೆ 5 ಗಂಟೆ ಹೊಡೆದಾಗ ಕರೆನ್ಸಿ ಪೇಟೆಯ ಒಂದು ದಿನ ಮುಗಿಯುತ್ತದೆ. ನಮ್ಮಲ್ಲಿ ಆಗ ಬೆಳಗಿನ ಜಾವ 2:30, ಅಲ್ಲಿ ಚಳಿಗಾಲವಾದರೆ 3:30. ಆ ಹೊತ್ತಿಗೆ ಬ್ಯಾಂಕುಗಳು ಕೊಡುವ ಬೆಲೆಗಳು ತೆಳುವಾಗಿ ಸ್ಪ್ರೆಡ್ ಹಿಗ್ಗುತ್ತದೆ. ಹಗಲಿನಲ್ಲಿ 1 ಪಿಪ್ ಇದ್ದದ್ದು ಆಗ ಹಲವು ಪಟ್ಟು ಆಗಬಹುದು. ಮಲಗಿ ಏಳುವಷ್ಟರಲ್ಲಿ ಆರ್ಡರ್ ಓಪನ್ ಆಗಿದ್ದರೆ, ಚಾರ್ಟ್‌ನಲ್ಲಿ ಅದರ ಗುರುತು ಕಾಣದಿದ್ದರೆ, ಮೊದಲು ಈ ಹೊತ್ತನ್ನು ನೋಡಿ.

ಸಿಮ್ಯುಲೇಟರ್ ಇದನ್ನು ಹೇಗೆ ನಿಭಾಯಿಸುತ್ತದೆ? ಬಹಳಷ್ಟು ಸಾಫ್ಟ್‌ವೇರ್‌ಗಳ ಹತ್ತಿರ ಇರುವುದು ಹಳೆಯ ಬಿಡ್ ಬೆಲೆಗಳು ಮಾತ್ರ. ಅದಕ್ಕೆ ಒಂದು ಸ್ಥಿರ ಸ್ಪ್ರೆಡ್ ಕೂಡಿಸಿ ಆಸ್ಕ್ ಲೆಕ್ಕ ಹಾಕುತ್ತವೆ. 2005ರಲ್ಲಿ ಬಂದ, ಇವತ್ತಿಗೂ ಬಳಕೆಯಲ್ಲಿರುವ ಮೆಟಾಟ್ರೇಡರ್ 4ರ ಟೆಸ್ಟರ್‌ನಲ್ಲಿ (ಅದರೊಳಗಿನ ಸಿಮ್ಯುಲೇಟರ್‌ಗೆ ಅದೇ ಹೆಸರು) ಸ್ಪ್ರೆಡ್ ಜಾಗದಲ್ಲಿ 'ಕರೆಂಟ್' ಅಂತ ಬಿಟ್ಟರೆ, ನೀವು ಪರೀಕ್ಷೆ ಓಡಿಸುವ ಆ ಕ್ಷಣದ ಸ್ಪ್ರೆಡ್ಡನ್ನೇ ಇಡೀ ಪರೀಕ್ಷೆಗೆ ಹಾಕಿಕೊಳ್ಳುತ್ತದೆ. ಅಂದರೆ ಭಾನುವಾರ ರಜೆಯಲ್ಲಿ ಕೂತು ಓಡಿಸಿದರೆ ಪೇಟೆ ಮುಚ್ಚುವಾಗ ಉಳಿದುಕೊಂಡ ಅಗಲ ಸ್ಪ್ರೆಡ್, ಮಂಗಳವಾರ ಮಧ್ಯಾಹ್ನ ಓಡಿಸಿದರೆ ಕಿರಿದಾದ ಸ್ಪ್ರೆಡ್. ತಂತ್ರ ಅದೇ, ಹಳೆಯ ಬೆಲೆಗಳು ಅವೇ, ಫಲಿತಾಂಶ ಮಾತ್ರ ಬೇರೆ. ಸ್ಟಾಪ್ ಆರ್ಡರ್ ಮೇಲೆ ನಿಂತ ತಂತ್ರಗಳಲ್ಲಿ ಈ ವ್ಯತ್ಯಾಸ ಸಣ್ಣದೇನಲ್ಲ. ಯಾವ ಆರ್ಡರ್ ಫಿಲ್ ಆಯಿತು, ಯಾವುದು ಆಗಲಿಲ್ಲ ಅನ್ನುವುದೇ ಬದಲಾಗಿಬಿಡುತ್ತದೆ.

ಕ್ಯಾಂಡಲ್ ಒಳಗೆ ಏನಾಯಿತು ಅಂತ ಕ್ಯಾಂಡಲ್ ಹೇಳುವುದಿಲ್ಲ

ಇಡೀ ವಿಷಯದ ತಿರುಳು ಇಲ್ಲಿದೆ.

ಎಪಿಎಂಸಿಯ ದಿನದ ದರಪಟ್ಟಿ ನೋಡಿದ್ದೀರಲ್ಲ, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಇರುತ್ತದೆ. ಬ್ಯಾಡಗಿಯಲ್ಲಿ ನಿನ್ನೆ ಕನಿಷ್ಠ ದರ ಮೊದಲು ಬಂತೋ ಗರಿಷ್ಠ ದರ ಮೊದಲು ಬಂತೋ ಅಂತ ಆ ಪಟ್ಟಿ ನೋಡಿ ಹೇಳಲು ಆಗುತ್ತದೆಯೇ? ಆಗುವುದಿಲ್ಲ. ನಮ್ಮ ರೈತರ 25 ಸಾವಿರದ ಸೂಚನೆ ಎಷ್ಟು ಹೊತ್ತಿಗೆ ಜಾರಿಯಾಯಿತು, ಅದಾದ ಮೇಲೆ ದರ ಮತ್ತೆ ಏರಿತೋ ಅಥವಾ ಏರಿ ಇಳಿದ ಮೇಲೆ ಜಾರಿಯಾಯಿತೋ, ಪಟ್ಟಿಗೆ ಗೊತ್ತಿಲ್ಲ.

ಕ್ಯಾಂಡಲ್ ಕೂಡ ಅಂಥದ್ದೇ ಒಂದು ಪಟ್ಟಿ. ಅದರಲ್ಲಿ ನಾಲ್ಕೇ ಅಂಕಿಗಳು: ಶುರುವಿನ ಬೆಲೆ, ಗರಿಷ್ಠ, ಕನಿಷ್ಠ, ಕೊನೆಯ ಬೆಲೆ. ಒಂದು ಗಂಟೆಯ ಕ್ಯಾಂಡಲ್‌ನಲ್ಲಿ ಬೆಲೆ ಸಾವಿರಾರು ಸಲ ಬದಲಾಗಿರಬಹುದು. ಪ್ರತಿ ಬದಲಾವಣೆಗೆ ಟಿಕ್ ಅನ್ನುತ್ತಾರೆ. ಆ ಟಿಕ್‌ಗಳೆಲ್ಲ ಕರಗಿ ನಾಲ್ಕು ಅಂಕಿ ಉಳಿದಿವೆ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಸದ್ಯಕ್ಕೆ ಸ್ಪ್ರೆಡ್ ಮರೆತುಬಿಡಿ. ಒಂದು ಗಂಟೆಯ ಕ್ಯಾಂಡಲ್: ಶುರು 1.0850, ಗರಿಷ್ಠ 1.0880, ಕನಿಷ್ಠ 1.0840, ಕೊನೆ 1.0875. ನಿಮ್ಮ ಬೈ ಸ್ಟಾಪ್ 1.0860ರಲ್ಲಿದೆ. ಸ್ಟಾಪ್ ಲಾಸ್ 1.0845. ಲಾಭದ ಗುರಿ 1.0890, ಅದನ್ನು ಈ ಕ್ಯಾಂಡಲ್ ಮುಟ್ಟಿಲ್ಲ.

ಬೆಲೆ ಮೊದಲು ಕೆಳಗೆ ಹೋಗಿ ಆಮೇಲೆ ಮೇಲೆ ಬಂತು ಅಂದುಕೊಳ್ಳಿ. 1.0850ರಿಂದ 1.0840ಕ್ಕೆ ಇಳಿಯಿತು. ನೀವಿನ್ನೂ ಕೊಂಡೇ ಇಲ್ಲ, ನಿಮಗೇನೂ ಆಗಲಿಲ್ಲ. ಆಮೇಲೆ ಏರುತ್ತಾ 1.0860 ದಾಟಿತು, ಆರ್ಡರ್ ಫಿಲ್ ಆಯಿತು. 1.0880 ಮುಟ್ಟಿ 1.0875ಕ್ಕೆ ಮುಗಿಯಿತು. ಕ್ಯಾಂಡಲ್ ಮುಗಿದಾಗ ನೀವು 15 ಪಿಪ್ ಲಾಭದಲ್ಲಿದ್ದೀರಿ.

ಈಗ ತಿರುವಿ ಹಾಕಿ. ಬೆಲೆ ಮೊದಲು ಮೇಲೆ ಹೋಯಿತು. 1.0860ರಲ್ಲಿ ಕೊಂಡಿರಿ, 1.0880 ಕಂಡಿರಿ, ಖುಷಿಯಾದಿರಿ. ಆಮೇಲೆ 1.0840ರ ತನಕ ಇಳಿಯಿತು. ದಾರಿಯಲ್ಲಿ 1.0845ರ ಸ್ಟಾಪ್ ಲಾಸ್ ಹೊಡೆಯಿತು. 15 ಪಿಪ್ ನಷ್ಟ. ಕೊನೆಗೆ ಬೆಲೆ 1.0875ಕ್ಕೆ ವಾಪಸ್ ಬಂತು, ಆದರೆ ನೀವು ಆಗಲೇ ಹೊರಗೆ.

ಅದೇ ಕ್ಯಾಂಡಲ್, ಅದೇ ನಾಲ್ಕು ಅಂಕಿ. ಒಂದು ದಾರಿಯಲ್ಲಿ 15 ಪಿಪ್ ಲಾಭ, ಇನ್ನೊಂದರಲ್ಲಿ 15 ಪಿಪ್ ನಷ್ಟ. ದಾರಿಗಳು ಎರಡೇ ಅಂತಲೂ ಇಲ್ಲ. ಬೆಲೆ 1.0862ರ ತನಕ ಸುಮ್ನೆ ಇಣುಕಿ, 1.0840ಕ್ಕೆ ಬಿದ್ದು, ಅಲ್ಲಿಂದ 1.0880ಕ್ಕೆ ಹಾರಿರಬಹುದು. ಆಗಲೂ ನಷ್ಟವೇ.

ಸಿಮ್ಯುಲೇಟರ್ ಯಾವ ದಾರಿಯನ್ನು ಆರಿಸುತ್ತದೆ? ಅದು ಆ ಸಾಫ್ಟ್‌ವೇರ್ ಬರೆದವರ ನಿಯಮಕ್ಕೆ ಬಿಟ್ಟದ್ದು. ಟ್ರೇಡಿಂಗ್‌ವ್ಯೂ ಎಂಬ ಚಾರ್ಟ್ ತಾಣ ತನ್ನ ನಿಯಮವನ್ನು ಬಿಚ್ಚಿ ಹೇಳಿದೆ. ಕ್ಯಾಂಡಲ್‌ನ ಶುರುವಿನ ಬೆಲೆ ಗರಿಷ್ಠಕ್ಕೆ ಹತ್ತಿರವಿದ್ದರೆ ಬೆಲೆ ಮೊದಲು ಮೇಲೆ, ಆಮೇಲೆ ಕೆಳಗೆ ಹೋಯಿತು ಅಂತ ಊಹಿಸುತ್ತದೆ. ಕನಿಷ್ಠಕ್ಕೆ ಹತ್ತಿರವಿದ್ದರೆ ಮೊದಲು ಕೆಳಗೆ, ಆಮೇಲೆ ಮೇಲೆ. ನಮ್ಮ ಉದಾಹರಣೆಯಲ್ಲಿ ಶುರುವಿನಿಂದ ಗರಿಷ್ಠಕ್ಕೆ 30 ಪಿಪ್, ಕನಿಷ್ಠಕ್ಕೆ 10 ಪಿಪ್. ಹಾಗಾಗಿ ಅದು ಮೊದಲ ದಾರಿಯನ್ನೇ ಹಿಡಿದು 15 ಪಿಪ್ ಲಾಭ ತೋರಿಸುತ್ತದೆ. ಊಹೆ ತರ್ಕಕ್ಕೆ ಒಪ್ಪುವಂಥದ್ದೇ. ಆದರೆ ಊಹೆ ಊಹೆಯೇ.

ಕೆಲವು ಸಾಫ್ಟ್‌ವೇರ್‌ಗಳು ಅನುಮಾನ ಬಂದಾಗ ಕೆಟ್ಟದ್ದನ್ನೇ ಆರಿಸುತ್ತವೆ. ಸ್ಟಾಪ್ ಲಾಸ್ ಮತ್ತು ಗುರಿ ಎರಡೂ ಒಂದೇ ಕ್ಯಾಂಡಲ್‌ನಲ್ಲಿ ಮುಟ್ಟಿದ್ದರೆ ಸ್ಟಾಪ್ ಲಾಸ್ ಮೊದಲು ಅಂತ ಬರೆದುಕೊಳ್ಳುತ್ತವೆ. ಸ್ವಂತವಾಗಿ ಪ್ರೋಗ್ರಾಮ್ ಬರೆಯುವವರಿಗೆ ನನ್ನ ಸಲಹೆಯೂ ಇದೇ. ಫಲಿತಾಂಶ ಸ್ವಲ್ಪ ಬಡವಾಗಿ ಕಾಣುತ್ತದೆ, ಕಾಣಲಿ.

ಸಣ್ಣ ಕ್ಯಾಂಡಲ್, ಟಿಕ್ ಮತ್ತು ಆ 90 ಶೇಕಡಾ

ಗಂಟೆಯ ಕ್ಯಾಂಡಲ್ ಬದಲು 1 ನಿಮಿಷದ ಕ್ಯಾಂಡಲ್ ತೆಗೆದುಕೊಂಡರೆ? ಒಂದು ಗಂಟೆಗೆ 60 ಪಟ್ಟಿಗಳು ಸಿಕ್ಕವು. ಮೊದಲು ಇಳಿಯಿತೋ ಏರಿತೋ ಅನ್ನುವ ಅನುಮಾನ ಬಹಳ ಮಟ್ಟಿಗೆ ಬಗೆಹರಿಯುತ್ತದೆ. ಪೂರ್ತಿ ಅಲ್ಲ. ಸ್ಟಾಪ್ ಲಾಸ್ 50 ಪಿಪ್ ದೂರದಲ್ಲಿದ್ದರೆ 1 ನಿಮಿಷದ ಕ್ಯಾಂಡಲ್ ಸಾಕು, ಯಾಕೆಂದರೆ ಒಂದು ನಿಮಿಷದಲ್ಲಿ ಬೆಲೆ ಅಷ್ಟು ಓಡಾಡುವುದು ಅಪರೂಪ. ನಾಲ್ಕೈದು ಪಿಪ್ ಹಿಡಿಯುವ ಸ್ಕಾಲ್ಪಿಂಗ್ ತಂತ್ರಕ್ಕೆ 1 ನಿಮಿಷವೂ ದೊಡ್ಡದೇ.

ಮೆಟಾಟ್ರೇಡರ್ 5ರ ಟೆಸ್ಟರ್ ತೆರೆದರೆ ಹಳೆಯ ಬೆಲೆಗಳನ್ನು ಓಡಿಸಲು ನಾಲ್ಕು ಬಗೆಯ ಆಯ್ಕೆ ಕಾಣುತ್ತದೆ. 'ಓಪನ್ ಪ್ರೈಸಸ್ ಓನ್ಲಿ' ಅನ್ನುವುದರಲ್ಲಿ ನಿಮ್ಮ ಪ್ರೋಗ್ರಾಮ್ ಪ್ರತಿ ಕ್ಯಾಂಡಲ್‌ನ ಶುರುವಿನಲ್ಲಿ ಮಾತ್ರ ಕಣ್ಣು ಬಿಡುತ್ತದೆ. ವೇಗ ಜಾಸ್ತಿ, ಆದರೆ ಸ್ಟಾಪ್ ಆರ್ಡರ್ ತಂತ್ರ ಪರೀಕ್ಷಿಸಲು ಇದು ತಕ್ಕದ್ದಲ್ಲ. '1 ಮಿನಿಟ್ ಓಎಚ್‌ಎಲ್‌ಸಿ' ಎಂದರೆ ಪ್ರತಿ ನಿಮಿಷಕ್ಕೆ ಆ ನಾಲ್ಕು ಬೆಲೆಗಳೇ ನಾಲ್ಕು ಟಿಕ್. 'ಎವ್ರಿ ಟಿಕ್' ಅನ್ನುವುದು ಹೆಸರು ಕೇಳಿ ಮೋಸಹೋಗುವಂಥದ್ದು. ಅಲ್ಲಿ ಬರುವ ಟಿಕ್‌ಗಳು ನಿಜವಾದ ಟಿಕ್‌ಗಳಲ್ಲ, 1 ನಿಮಿಷದ ಕ್ಯಾಂಡಲ್‌ನಿಂದ ಸಾಫ್ಟ್‌ವೇರ್ ತಾನೇ ಹೆಣೆದ ದಾರಿ. ನಾಲ್ಕನೆಯದು 'ರಿಯಲ್ ಟಿಕ್ಸ್' ಮೇಲೆ ನಿಂತದ್ದು. ಬ್ರೋಕರ್ ಕೂಡಿಟ್ಟ ನಿಜವಾದ ಟಿಕ್‌ಗಳು, ಬಿಡ್ ಮತ್ತು ಆಸ್ಕ್ ಎರಡರ ಸಮೇತ. ಸ್ಪ್ರೆಡ್ ಹಿಗ್ಗಿದ್ದೂ ಅದರಲ್ಲಿ ಸಿಗುತ್ತದೆ. ಸ್ಟಾಪ್ ಆರ್ಡರ್ ಪರೀಕ್ಷೆಗೆ ಇದೇ ಲೇಸು. ನಿಧಾನ ಅನ್ನುವುದೊಂದೇ ಕೊರತೆಯಲ್ಲ: ಆ ಟಿಕ್‌ಗಳು ಆ ಬ್ರೋಕರ್‌ನವು. ಕರೆನ್ಸಿಗೆ ಜಗತ್ತಿಗೆಲ್ಲ ಒಂದೇ ಎಕ್ಸ್‌ಚೇಂಜ್ ಇಲ್ಲದ ಕಾರಣ ಇನ್ನೊಬ್ಬ ಬ್ರೋಕರ್ ಹತ್ತಿರ ಅದೇ ಸೆಕೆಂಡಿನ ಬೆಲೆ ಕೊಂಚ ಬೇರೆ ಇರುತ್ತದೆ.

ಮೆಟಾಟ್ರೇಡರ್ 4ರ ವರದಿಯಲ್ಲಿ 'ಮಾಡೆಲಿಂಗ್ ಕ್ವಾಲಿಟಿ 90%' ಅಂತ ಬರುತ್ತದಲ್ಲ, ಅದನ್ನು ತೋರಿಸಿ ತಂತ್ರ ಮಾರುವವರು ಇದ್ದಾರೆ. ಆ 90ಕ್ಕೂ ತಂತ್ರ ಗೆಲ್ಲುವುದಕ್ಕೂ ಸಂಬಂಧವಿಲ್ಲ. ಟಿಕ್ ಹೆಣೆಯಲು 1 ನಿಮಿಷದ ಕ್ಯಾಂಡಲ್‌ಗಳು ಸಿಕ್ಕಿವೆ ಅಂತ ಮಾತ್ರ ಅದರ ಅರ್ಥ.

ಸೋಮವಾರ ಬೆಳಗಿನ ಹಾರಿಕೆ

ಶುಕ್ರವಾರ ಪೇಟೆ ಮುಚ್ಚುವಾಗ ಯೂರೋ-ಡಾಲರ್ 1.0910. ನೀವು ಕೊಂಡು ಕೂತಿದ್ದೀರಿ, 1.0900ಕ್ಕೆ ಸ್ಟಾಪ್ ಲಾಸ್ ಇದೆ. ವಾರದ ಕೊನೆಯಲ್ಲಿ ಯಾವುದೋ ದೇಶದಲ್ಲಿ ಚುನಾವಣೆಯ ಫಲಿತಾಂಶ ಬಂತು. ಸೋಮವಾರ ನಸುಕಿನಲ್ಲಿ ಪೇಟೆ ತೆರೆದದ್ದೇ 1.0870ಕ್ಕೆ. ನಡುವಿನ ಬೆಲೆಗಳಲ್ಲಿ ವ್ಯವಹಾರವೇ ನಡೆಯಲಿಲ್ಲ. ಇದೇ ಗ್ಯಾಪ್.

ನಿಮ್ಮ ಸ್ಟಾಪ್ ಲಾಸ್ 1.0900ಕ್ಕೆ ಮುಗಿಯಲು ಸಾಧ್ಯವೇ? ಆ ಬೆಲೆಗೆ ಕೊಳ್ಳುವವರೇ ಇರಲಿಲ್ಲ. ನಿಜವಾದ ಪೇಟೆಯಲ್ಲಿ ಅದು ಮೊದಲು ಸಿಕ್ಕ ಬೆಲೆಗೆ, 1.0870ರ ಆಸುಪಾಸಿನಲ್ಲಿ ಫಿಲ್ ಆಗುತ್ತದೆ. ಕೇಳಿದ ಬೆಲೆಗೂ ಸಿಕ್ಕ ಬೆಲೆಗೂ ಇರುವ ಈ 30 ಪಿಪ್ ಅಂತರಕ್ಕೆ ಸ್ಲಿಪೇಜ್ ಅನ್ನುತ್ತಾರೆ.

ಒಳ್ಳೆಯ ಸಿಮ್ಯುಲೇಟರ್ ಕೂಡ ಹಾಗೇ ಮಾಡಬೇಕು. ಕ್ಯಾಂಡಲ್ ಶುರುವಾದದ್ದೇ ಸ್ಟಾಪ್ ಮಟ್ಟದ ಆಚೆ ಆಗಿದ್ದರೆ ಶುರುವಿನ ಬೆಲೆಗೆ ಫಿಲ್ ಮಾಡಬೇಕು. ಟ್ರೇಡಿಂಗ್‌ವ್ಯೂ ಹೀಗೆ ಮಾಡುತ್ತದೆ. ಸರಳವಾಗಿ ಬರೆದ ಪ್ರೋಗ್ರಾಮ್‌ಗಳು ಮಾತ್ರ "ಕನಿಷ್ಠ ಬೆಲೆ 1.0900ಕ್ಕಿಂತ ಕೆಳಗಿದೆ, ಆದ್ದರಿಂದ 1.0900ಕ್ಕೆ ಮುಗಿಯಿತು" ಅಂತ ಬರೆದುಬಿಡುತ್ತವೆ. ಪ್ರತಿ ಗ್ಯಾಪ್‌ಗೂ ನಿಮಗೆ ಪುಕ್ಕಟೆ ಪಿಪ್‌ಗಳು. ಹುಡುಗರು ಬರೆದ ಕೋಡ್‌ನಲ್ಲಿ ಈ ಒಂದು ಸಾಲನ್ನು ನಾನು ಮೊದಲು ಹುಡುಕುತ್ತೇನೆ.

ಈ ಬಗೆಯ ಹಾರಿಕೆಗೆ ಜಗತ್ತು ಮರೆಯದ ಉದಾಹರಣೆ ಸ್ವಿಸ್ ಫ್ರಾಂಕ್. ಒಂದು ಯೂರೋ 1.20 ಫ್ರಾಂಕ್‌ಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ ಅಂತ ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತ್ತು. 2015ರ ಜನವರಿ 15ರಂದು ಮುನ್ಸೂಚನೆ ಇಲ್ಲದೆ ಆ ತಡೆಯನ್ನು ತೆಗೆದುಹಾಕಿತು. ಕೆಲವೇ ನಿಮಿಷಗಳಲ್ಲಿ ಒಂದು ಯೂರೋ ಒಂದು ಫ್ರಾಂಕ್‌ಗಿಂತಲೂ ಕೆಳಗೆ ಹೋಯಿತು. 1.20ರ ಸ್ವಲ್ಪ ಕೆಳಗೆ ಸ್ಟಾಪ್ ಲಾಸ್ ಇಟ್ಟು ನೆಮ್ಮದಿಯಾಗಿದ್ದವರ ಆರ್ಡರ್‌ಗಳು ಎಷ್ಟೋ ಕೆಳಗೆ ಫಿಲ್ ಆದವು. ಗ್ರಾಹಕರ ಖಾತೆಗಳು ಸೊನ್ನೆಗಿಂತ ಕೆಳಗಿಳಿದವು. ಬ್ರಿಟನ್ನಿನ ಅಲ್ಪಾರಿ ಎಂಬ ಬ್ರೋಕರ್ ಕಂಪನಿ ಬಾಗಿಲು ಹಾಕಿತು. ಅಮೆರಿಕದ ಬ್ರೋಕರ್ ಎಫ್‌ಎಕ್ಸ್‌ಸಿಎಂ ಉಳಿಯಲು 30 ಕೋಟಿ ಡಾಲರ್ ಸಾಲ ತೆಗೆದುಕೊಳ್ಳಬೇಕಾಯಿತು. ಈ ದಿನವನ್ನು ನಿಮ್ಮ ಸಿಮ್ಯುಲೇಟರ್‌ನಲ್ಲಿ ಓಡಿಸಿ ನೋಡಿ. ಸ್ಟಾಪ್ ಲಾಸ್ ಅಚ್ಚುಕಟ್ಟಾಗಿ 1.1990ಕ್ಕೆ ಮುಗಿಯಿತು ಅಂತ ತೋರಿಸಿದರೆ, ಆ ಸಾಫ್ಟ್‌ವೇರ್ ಸ್ಟಾಪ್ ಆರ್ಡರನ್ನು ಗುಟ್ಟಾಗಿ ಲಿಮಿಟ್ ಆರ್ಡರ್ ಥರ ನಡೆಸುತ್ತಿದೆ ಅಂತ ಅರ್ಥ.

ಸುದ್ದಿ ಹೊತ್ತಿನ ಎರಡು ಬದಿಯ ಬಲೆ

ಅಮೆರಿಕದ ಉದ್ಯೋಗ ಅಂಕಿಅಂಶ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಬರುತ್ತದೆ. ನಮ್ಮ ಗಡಿಯಾರದಲ್ಲಿ ಸಂಜೆ 6ಕ್ಕೆ, ಅಲ್ಲಿ ಚಳಿಗಾಲವಾದರೆ 7ಕ್ಕೆ. ಆ ಕ್ಷಣ ಬೆಲೆ ಯಾವುದಾದರೂ ಒಂದು ಕಡೆ ಚಿಮ್ಮುತ್ತದೆ. ಹೊಸಬರಿಗೆಲ್ಲ ಹೊಳೆಯುವ ಐಡಿಯಾ ಒಂದೇ: ಸುದ್ದಿಗೆ ಮುಂಚೆ ಈಗಿನ ಬೆಲೆಗಿಂತ 10 ಪಿಪ್ ಮೇಲೆ ಬೈ ಸ್ಟಾಪ್, 10 ಪಿಪ್ ಕೆಳಗೆ ಸೆಲ್ ಸ್ಟಾಪ್. ಎತ್ತ ಹೋದರೂ ಲಾಭ. ಒಂದು ಫಿಲ್ ಆದರೆ ಇನ್ನೊಂದನ್ನು ರದ್ದು ಮಾಡಿದರಾಯಿತು.

ಸಿಮ್ಯುಲೇಟರ್‌ನಲ್ಲಿ ಇದು ಚಿನ್ನದ ಗಣಿ ಥರ ಕಾಣುತ್ತದೆ. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ. ಸ್ಥಿರ ಸ್ಪ್ರೆಡ್, ಕೇಳಿದ ಬೆಲೆಗೇ ಫಿಲ್, ಸ್ಲಿಪೇಜ್ ಸೊನ್ನೆ. ನಿಜದಲ್ಲಿ ಸುದ್ದಿ ಬರುವ ಹೊತ್ತಿಗೆ ಸ್ಪ್ರೆಡ್ ಹಿಗ್ಗುತ್ತದೆ. ಬೆಲೆ ಏರುವ ಮುಂಚೆಯೇ ಆಸ್ಕ್ ಮೇಲೆ ಹಾರಿ ಬೈ ಸ್ಟಾಪ್ ಎಬ್ಬಿಸಬಹುದು, ಬಿಡ್ ಕೆಳಗೆ ಬಿದ್ದು ಸೆಲ್ ಸ್ಟಾಪ್ ಎಬ್ಬಿಸಬಹುದು. ಎರಡೂ ಫಿಲ್ ಆದರೆ ಎರಡೂ ಕಡೆಯ ಸ್ಪ್ರೆಡ್ ನಿಮ್ಮ ಜೇಬಿನಿಂದ. ಒಂದೇ ಫಿಲ್ ಆದರೂ ನೀವು ಕೇಳಿದ ಬೆಲೆಯನ್ನು ಪೇಟೆ ಹಾರಿ ದಾಟಿಹೋಗಿರುತ್ತದೆ.

ರದ್ದು ಮಾಡುವ ವಿಷಯದಲ್ಲೂ ಸಿಮ್ಯುಲೇಟರ್ ಎಡವುತ್ತದೆ. ಒಂದು ಆರ್ಡರ್ ಫಿಲ್ ಆದ ಮೇಲೆ ಇನ್ನೊಂದನ್ನು ರದ್ದು ಮಾಡಲು ನಿಮ್ಮ ಪ್ರೋಗ್ರಾಮ್‌ಗೆ ಮುಂದಿನ ಟಿಕ್ ಬೇಕು. ಕ್ಯಾಂಡಲ್‌ಗೆ ಒಂದೇ ಸಲ ಕಣ್ಣು ಬಿಡುವ ವಿಧಾನದಲ್ಲಿ ಆ ಅವಕಾಶವೇ ಇಲ್ಲ. ಒಂದೇ ಕ್ಯಾಂಡಲ್‌ನಲ್ಲಿ ಎರಡೂ ಫಿಲ್ ಆಗಿ ಕೂತಿರುತ್ತವೆ.

ಡೆಮೊ ಖಾತೆಯಲ್ಲಾದರೆ?

ಡೆಮೊ ಖಾತೆ ಬೇರೆ ವಿಷಯ. ಅಲ್ಲಿ ಬೆಲೆಗಳು ಈ ಕ್ಷಣದ ನಿಜವಾದ ಬೆಲೆಗಳು, ದುಡ್ಡು ಮಾತ್ರ ಸುಳ್ಳು. ಹಾಗಾಗಿ ಕ್ಯಾಂಡಲ್ ಒಳಗಿನ ದಾರಿಯ ಊಹೆ ಬೇಕಿಲ್ಲ. ಆದರೆ ನಿಮ್ಮ ಆರ್ಡರ್ ಎದುರಿಗೆ ನಿಜವಾಗಿ ಕೊಳ್ಳುವ, ಮಾರುವ ಯಾರೂ ಇರುವುದಿಲ್ಲ. ಒಂದು ಲಾಟ್ (ವ್ಯವಹಾರದ ನಿಗದಿತ ಅಳತೆ) ಆಗಲಿ ನೂರು ಲಾಟ್ ಆಗಲಿ, ತೆರೆಯ ಮೇಲಿನ ಬೆಲೆಗೇ ಪೂರ್ತಿ ಫಿಲ್ ಆಗುವುದು ಸಾಮಾನ್ಯ.

ನಮ್ಮ ಎಕ್ಸ್‌ಚೇಂಜ್‌ನಲ್ಲಿ ನಿಯಮ ಬೇರೆ

ಭಾರತದಲ್ಲಿ ಕರೆನ್ಸಿ ಫ್ಯೂಚರ್ಸ್ (ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇಯಲ್ಲಿ ಶುರುವಾದದ್ದು 2008ರ ಆಗಸ್ಟ್ 29ರಂದು. ಡಾಲರ್-ರೂಪಾಯಿ ಒಂದು ಲಾಟ್ ಎಂದರೆ 1,000 ಡಾಲರ್. ಬೆಲೆಯ ಕನಿಷ್ಠ ಹೆಜ್ಜೆ 0.0025 ರೂಪಾಯಿ, ಅಂದರೆ ಲಾಟ್‌ಗೆ 2.50 ರೂಪಾಯಿ. ವ್ಯವಹಾರ ಬೆಳಿಗ್ಗೆ 9ರಿಂದ ಸಂಜೆ 5ರ ತನಕ. ರಾತ್ರಿಯೆಲ್ಲ ಹೊರಗಿನ ಪೇಟೆಗಳು ನಡೆಯುವುದರಿಂದ ಇಲ್ಲಿ ಸೋಮವಾರ ಮಾತ್ರವಲ್ಲ, ದಿನಾ ಬೆಳಿಗ್ಗೆ ಗ್ಯಾಪ್ ಬರಬಹುದು.

ಇಲ್ಲಿ ಸ್ಟಾಪ್ ಲಾಸ್ ಆರ್ಡರ್‌ಗೆ ಸಾಮಾನ್ಯವಾಗಿ ಎರಡು ಬೆಲೆ ಬರೆಯುತ್ತೀರಿ: ಟ್ರಿಗರ್ ಬೆಲೆ ಮತ್ತು ಲಿಮಿಟ್ ಬೆಲೆ. ಟ್ರಿಗರ್ ಎಚ್ಚರಗೊಳ್ಳುವುದು ಕೊನೆಯದಾಗಿ ವ್ಯವಹಾರ ನಡೆದ ಬೆಲೆಗೆ, ಬಿಡ್ ಅಥವಾ ಆಸ್ಕ್‌ಗೆ ಅಲ್ಲ. ಎಚ್ಚರವಾದ ಮೇಲೆ ಅದು ಲಿಮಿಟ್ ಆರ್ಡರ್ ಆಗುತ್ತದೆ. ಬೆಲೆ ಲಿಮಿಟ್ಟನ್ನೂ ಹಾರಿ ದಾಟಿದರೆ ಆರ್ಡರ್ ಫಿಲ್ ಆಗದೆ ಹಾಗೇ ಉಳಿಯುತ್ತದೆ. ಕೆಟ್ಟ ಬೆಲೆ ಸಿಗುವುದಿಲ್ಲ, ಆದರೆ ಹೊರಗೆ ಬರುವ ಖಾತ್ರಿಯೂ ಇಲ್ಲ. ವಿದೇಶಿ ಸಾಫ್ಟ್‌ವೇರ್‌ನಲ್ಲಿ ಪರೀಕ್ಷಿಸಿದ ತಂತ್ರವನ್ನು ಇಲ್ಲಿಗೆ ತರುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರಬೇಕು.

ಕಾನೂನಿನ ವಿಷಯ ಚಿಕ್ಕದಾಗಿ. ಸಿಮ್ಯುಲೇಟರ್‌ನಲ್ಲಿ ಕಲಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನಿಜವಾದ ದುಡ್ಡಿನ ಕರೆನ್ಸಿ ವ್ಯವಹಾರಕ್ಕೆ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಅನ್ವಯಿಸುತ್ತದೆ. ಮಾನ್ಯತೆ ಪಡೆದ ಎಕ್ಸ್‌ಚೇಂಜ್‌ಗಳು ಅಥವಾ ಆರ್‌ಬಿಐ ಒಪ್ಪಿದ ವೇದಿಕೆಗಳಲ್ಲಿ ಮಾತ್ರ ಮಾಡಬಹುದು. ಅನುಮತಿ ಇಲ್ಲದ ಫಾರೆಕ್ಸ್ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ಆರ್‌ಬಿಐ 2022ರ ಸೆಪ್ಟೆಂಬರ್‌ನಿಂದ ಪ್ರಕಟಿಸುತ್ತಿದೆ. 2024ರ ಮೇ 3ರಿಂದ ಜಾರಿಯಾದ ನಿಯಮದಂತೆ, ರೂಪಾಯಿ ಒಳಗೊಂಡ ಕರೆನ್ಸಿ ಫ್ಯೂಚರ್ಸ್‌ಗೂ ನಿಮಗೆ ನಿಜವಾದ ವಿದೇಶಿ ವಿನಿಮಯದ ಬಾಧ್ಯತೆ ಅಥವಾ ಆದಾಯ ಇರಬೇಕು.

ನಿಮ್ಮ ಸಿಮ್ಯುಲೇಟರನ್ನು ನೀವೇ ಪರೀಕ್ಷಿಸಿ

ಕೋಡಿಂಗ್ ಬರದಿದ್ದರೂ ಮಾಡಬಹುದಾದ ಕೆಲಸ ಇದು. ಟ್ರೇಡ್‌ಗಳ ಪಟ್ಟಿಯನ್ನು ಎಕ್ಸೆಲ್‌ಗೆ ತನ್ನಿ. ನೀವು ಇಟ್ಟ ಸ್ಟಾಪ್ ಬೆಲೆ ಒಂದು ಕಾಲಮ್, ಫಿಲ್ ಆದ ಬೆಲೆ ಇನ್ನೊಂದು ಕಾಲಮ್. ಎರಡೂ ಎಲ್ಲ ಸಾಲಿನಲ್ಲೂ ಅಚ್ಚೊತ್ತಿದ ಹಾಗೆ ಒಂದೇ ಇದ್ದರೆ ಸ್ಲಿಪೇಜ್ ಲೆಕ್ಕಕ್ಕೇ ಬಂದಿಲ್ಲ. ಸೋಮವಾರ ಬೆಳಗಿನ ಸಾಲುಗಳನ್ನು ಬೇರೆಯಾಗಿ ನೋಡಿ. ಗ್ಯಾಪ್ ಇದ್ದ ದಿನವೂ ಕೇಳಿದ ಬೆಲೆಗೇ ಫಿಲ್ ಆಗಿದ್ದರೆ ಕಾರಣ ನಿಮಗೆ ಗೊತ್ತು.

ಆಮೇಲೆ ಸ್ಪ್ರೆಡ್ಡನ್ನು ಎರಡು ಪಟ್ಟು ಮಾಡಿ ಮತ್ತೆ ಓಡಿಸಿ. ಪ್ರತಿ ಟ್ರೇಡ್‌ಗೆ ಸರಾಸರಿ 3 ಪಿಪ್ ಉಳಿಸುವ ತಂತ್ರ ಅಂದುಕೊಳ್ಳಿ. ಒಳಗೆ ಹೋಗುವಾಗ 1 ಪಿಪ್, ಹೊರಗೆ ಬರುವಾಗ 1 ಪಿಪ್ ಜಾರಿದರೆ ಮೂರರಲ್ಲಿ ಎರಡು ಭಾಗ ಹೋಯಿತು. ಇನ್ನೊಂದು ಪಿಪ್ ಸ್ಪ್ರೆಡ್ ಹಿಗ್ಗಿದರೆ ಉಳಿಯುವುದು ಸೊನ್ನೆ. ಸರಾಸರಿ 40 ಪಿಪ್ ಹಿಡಿಯುವ ತಂತ್ರಕ್ಕೆ ಅದೇ 3 ಪಿಪ್ ಅಷ್ಟೇನೂ ತಾಗುವುದಿಲ್ಲ.

ಕೊನೆಗೆ, ಒಂದೇ ಕ್ಯಾಂಡಲ್‌ನಲ್ಲಿ ಒಳಗೆ ಹೋಗಿ ಅದೇ ಕ್ಯಾಂಡಲ್‌ನಲ್ಲಿ ಹೊರಗೆ ಬಂದ ಟ್ರೇಡ್‌ಗಳನ್ನು ಹೆಕ್ಕಿ. ದಾರಿಯ ಊಹೆಯ ಮೇಲೆ ನಿಂತಿರುವುದು ಮುಖ್ಯವಾಗಿ ಇವೇ. ಇವುಗಳಲ್ಲಿ ಲಾಭ ಕಂಡದ್ದನ್ನೆಲ್ಲ ನಷ್ಟ ಅಂತ ತಿದ್ದಿ ಕೂಡಿಸಿ. ಮೊತ್ತ ಆಗಲೂ ಸೊನ್ನೆಗಿಂತ ಮೇಲಿದ್ದರೆ ಆ ತಂತ್ರವನ್ನು ನಿಜವಾದ ಟಿಕ್‌ಗಳ ಮೇಲೆ ಓಡಿಸಿ ನೋಡುವಷ್ಟು ಹೊತ್ತು ಕೊಡಬಹುದು.